ಮಗುವಿನೊಡನೆ ಮತ್ತೆ ಸೈಕಲ್ ಸವಾರಿ

ಕರ್ನಾಟಕ ಸರ್ಕಾರವು 2006-07ರಲ್ಲಿ ಎಂಟನೆಯ ತರಗತಿಯ ವಿದ್ಯಾರ್ಥಿಗಳಿಗೆ ಉಚಿತವಾಗಿ ಸೈಕಲ್ಲು ವಿತರಿಸುವ ಯೋಜನೆಯನ್ನು ಆರಂಭಿಸಿತು. ಅಂದು ಆ ಸೈಕಲ್ಲನ್ನು ಪಡೆದು, ಹಳ್ಳಿಯಿಂದ ಪ್ರೌಢಶಾಲೆಗೆ ಹೋಗಿ ಬರುತ್ತಿದ್ದ ಬಾಲಕಿಯರು ಈಗ ಮೂವತ್ತರ ವಯಸ್ಸನ್ನು ದಾಟಿದ್ದಾರೆ. ಅವರಲ್ಲಿ ಅನೇಕರು ವಿವಾಹ ಅಥವಾ ಉದ್ಯೋಗದ ನಿಮಿತ್ತ ಪುಣೆ, ಮುಂಬಯಿ, ಹೈದರಾಬಾದು, ಚೆನ್ನೈ, ದೆಹಲಿಗಳಲ್ಲಿ ನೆಲೆಸಿದ್ದಾರೆ. ಚಿಕ್ಕ ಮಕ್ಕಳ ತಾಯಂದಿರಾಗಿದ್ದಾರೆ. ಸೈಕಲ್ಲು ಮಾತ್ರ ಅವರ ಬದುಕಿನಿಂದ ಎಂದೋ ದೂರ ಸರಿದಿದೆ.

ಇಂತಹ ಒಬ್ಬ ತಾಯಿಯನ್ನು ಕಲ್ಪಿಸಿಕೊಳ್ಳೋಣ. ಆಕೆ ಹಾವೇರಿ ಜಿಲ್ಲೆಯವರು. ಈಗ ಪುಣೆಯ ನಿವಾಸಿ. ಮಗನಿಗೆ ಮೂರೂವರೆ ವರ್ಷ. ಮನೆಯಿಂದ ಬಾಲವಾಡಿಗೆ ಒಂದೂವರೆ ಕಿಲೋಮೀಟರು. ನಡೆಸಿಕೊಂಡು ಹೋದರೆ ಮಗು ಅರ್ಧ ದಾರಿಯಲ್ಲೇ ಎತ್ತಿಕೋ ಎನ್ನುತ್ತದೆ. ಅಷ್ಟು ಸಮೀಪಕ್ಕೆ ಬರಲು ಆಟೋರಿಕ್ಷಾದವರು ಒಪ್ಪುವುದಿಲ್ಲ. ಮನೆಯಲ್ಲಿರುವ ಸ್ಕೂಟರನ್ನು ಪತಿ ಕಚೇರಿಗೆ ಒಯ್ಯುತ್ತಾರೆ. ಒಂದು ದಿನ ನೆರೆಮನೆಯ ಸೈಕಲ್ಲನ್ನು ನೋಡಿದ ಮಗು, "ಅವ್ವಾ, ನಿನಗ ಸೈಕಲ್ ಹೊಡೀಲಿಕ್ಕೆ ಬರ್ತದ?" ಎಂದು ಕೇಳುತ್ತದೆ. ಬರುತ್ತದೆ ಎಂಬುದು ನಿಜ. ಆದರೆ ಹದಿನೈದು ವರ್ಷಗಳ ಬಳಿಕ, ಈ ನಗರದ ರಸ್ತೆಯಲ್ಲಿ, ಹಿಂದೆ ಮಗುವನ್ನು ಕೂರಿಸಿಕೊಂಡು ತುಳಿಯಬಹುದೆ? ತಾಯಿಯ ಈ ಅಳುಕು ಅಕಾರಣವಾದುದಲ್ಲ. ತಂದೆಯರನ್ನೂ ಇದೇ ಪ್ರಶ್ನೆ ಕಾಡುತ್ತದೆ. ಇದಕ್ಕೆ ಉತ್ತರವನ್ನು ಕ್ರಮವಾಗಿ ಕಂಡುಕೊಳ್ಳುವುದೇ ಈ ಪಾಠದ ಉದ್ದೇಶ. ಆ ಕ್ರಮವೆಂದರೆ: ಮೊದಲು ಸೈಕಲ್ಲು, ನಂತರ ಸವಾರರು, ಆಮೇಲೆ ರಸ್ತೆ, ಎಲ್ಲಕ್ಕಿಂತ ಕೊನೆಗೆ ಮಗು.

ಏಕೆ ಮರಳಬೇಕು?

ಸೈಕಲ್ಲು ನಮ್ಮ ದೇಶಕ್ಕೆ ಹೊಸದಲ್ಲ. 2011ರ ಜನಗಣತಿಯ ಪ್ರಕಾರ ಭಾರತದ ಶೇ. 44.8ರಷ್ಟು ಕುಟುಂಬಗಳಲ್ಲಿ ಸೈಕಲ್ಲು ಇತ್ತು. ಪುಣೆಯಂತೂ ಬಹುಕಾಲ 'ಸೈಕಲ್ಲುಗಳ ನಗರ' ಎಂದೇ ಹೆಸರಾಗಿತ್ತು. ಮೋಟಾರು ವಾಹನಗಳು ಹೆಚ್ಚಿದಂತೆ ಸೈಕಲ್ಲು ಹಿಂದೆ ಸರಿಯಿತಾದರೂ ಮನೆಯ ಸುತ್ತಮುತ್ತಲ ಕೆಲಸಗಳಿಗೆ ಅದಕ್ಕಿಂತ ಅನುಕೂಲವಾದ ವಾಹನ ಇಂದಿಗೂ ಮತ್ತೊಂದಿಲ್ಲ. ಅದಕ್ಕೆ ಪರವಾನಗಿ ಬೇಡ, ನೋಂದಣಿ ಬೇಡ, ಇಂಧನ ಬೇಡ. ಗಲ್ಲಿಯಲ್ಲಿ ನಿಲ್ಲಿಸಲು ಒಂದು ಮೊಳ ಜಾಗ ದೊರೆತರೆ ಸಾಕು.

ಆರೋಗ್ಯದ ದೃಷ್ಟಿಯಿಂದಲೂ ಒಂದು ಸರಳ ಲೆಕ್ಕವನ್ನು ಗಮನಿಸಬಹುದು. ಮೇಲೆ ಹೇಳಿದ ತಾಯಿ ಬೆಳಿಗ್ಗೆ ಮಗುವನ್ನು ಬಿಟ್ಟು ಬಂದು, ಮಧ್ಯಾಹ್ನ ಮತ್ತೆ ಕರೆತಂದರೆ ದಿನಕ್ಕೆ 6 ಕಿಲೋಮೀಟರು ಕ್ರಮಿಸಿದಂತಾಗುತ್ತದೆ. ಗಂಟೆಗೆ 12 ಕಿಲೋಮೀಟರಿನ ನಿಧಾನ ವೇಗದಲ್ಲಿ ಇದಕ್ಕೆ 30 ನಿಮಿಷ ಬೇಕು; ವಾರದ ಐದು ದಿನಗಳಿಗೆ 150 ನಿಮಿಷ. ವಯಸ್ಕರು ವಾರಕ್ಕೆ ಕನಿಷ್ಠ 150 ನಿಮಿಷಗಳ ಮಧ್ಯಮ ಪ್ರಮಾಣದ ದೈಹಿಕ ಚಟುವಟಿಕೆಯಲ್ಲಿ ತೊಡಗಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ವ್ಯಾಯಾಮಕ್ಕೆ ಪ್ರತ್ಯೇಕ ವೇಳೆ ದೊರೆಯದ ಗೃಹಿಣಿಗೆ, ಹೇಗೂ ಮಾಡಲೇಬೇಕಾದ ಕೆಲಸದಲ್ಲಿಯೇ ಅಷ್ಟೂ ವ್ಯಾಯಾಮ ಒದಗುತ್ತದೆ.

ಆದರೆ ಹಿಂದೆ ಕುಳಿತ ಮಗುವಿಗೆ ಇದು ವ್ಯಾಯಾಮವಲ್ಲ ಎಂಬುದನ್ನು ಮರೆಯಬಾರದು. ಐದು ವರ್ಷದೊಳಗಿನ ಮಕ್ಕಳನ್ನು ಒಂದೇ ಸಮನೆ ಒಂದು ಗಂಟೆಗಿಂತ ಹೆಚ್ಚು ಕಾಲ ಆಸನದಲ್ಲಿ ಕಟ್ಟಿ ಕೂರಿಸಬಾರದೆಂದೂ, ಮೂರು–ನಾಲ್ಕು ವರ್ಷದ ಮಕ್ಕಳು ದಿನಕ್ಕೆ ಕನಿಷ್ಠ 180 ನಿಮಿಷ ಓಡಾಟ ಆಟಗಳಲ್ಲಿ ಕಳೆಯಬೇಕೆಂದೂ ಇದೇ ಸಂಸ್ಥೆ 2019ರಲ್ಲಿ ತಿಳಿಸಿದೆ. ಆದುದರಿಂದ ಸವಾರಿ ಚಿಕ್ಕದಾಗಿರಲಿ. ಉಳಿದ ವೇಳೆ ಮಗುವಿನ ಆಟಕ್ಕೆ ಮೀಸಲಾಗಲಿ.

ಮೊದಲು ಸೈಕಲ್ಲು

ಗಾಳಿ ತುಂಬಿದ ಟೈರಿನ ಕಥೆ ಒಬ್ಬ ತಂದೆ ಮತ್ತು ಮಗನ ಕಥೆಯೂ ಹೌದು. ಬೆಲ್‌ಫಾಸ್ಟ್ ನಗರದಲ್ಲಿ ಪಶುವೈದ್ಯರಾಗಿದ್ದ ಜಾನ್ ಬಾಯ್ಡ್ ಡನ್‌ಲಪ್ ಅವರು ತಮ್ಮ ಮಗನ ಮೂರು ಗಾಲಿಯ ಸೈಕಲ್ಲು ಕಲ್ಲುಹಾಸಿನ ಮೇಲೆ ಕುಲುಕುವುದನ್ನು ತಪ್ಪಿಸಲು 1887ರಲ್ಲಿ ಅದರ ಗಾಲಿಗಳಿಗೆ ಗಾಳಿ ತುಂಬಿದ ರಬ್ಬರಿನ ಕೊಳವೆಯನ್ನು ಅಳವಡಿಸಿದರು; 1888ರಲ್ಲಿ ಅದಕ್ಕೆ ಪೇಟೆಂಟು ಪಡೆದರು. ಗಾಳಿ ತುಂಬಿದ ಟೈರಿಗೆ ಅದಕ್ಕೂ ನಾಲ್ಕು ದಶಕಗಳ ಹಿಂದೆ ರಾಬರ್ಟ್ ಥಾಮ್ಸನ್ ಎಂಬವರು ಪೇಟೆಂಟು ಪಡೆದಿದ್ದರಾದರೂ ಅದು ಬಳಕೆಗೆ ಬಂದಿರಲಿಲ್ಲ. ಮಗುವಿನ ಸುಖಕ್ಕಾಗಿ ಮಾಡಿದ ಈ ಪ್ರಯೋಗ ಜಗತ್ತಿನ ಎಲ್ಲ ಸೈಕಲ್ಲುಗಳಿಗೂ ಹರಡಿತು. ಇಂದಿಗೂ ಪರೀಕ್ಷೆ ಅಲ್ಲಿಂದಲೇ ಆರಂಭವಾಗತಕ್ಕದ್ದು.

ಬಹುಕಾಲ ಮೂಲೆಯಲ್ಲಿದ್ದ ಸೈಕಲ್ಲಿನ ಟೈರುಗಳಲ್ಲಿ ಬಿರುಕುಗಳಿದ್ದರೆ, ನೋಡಲು ಗಟ್ಟಿಯಾಗಿ ಕಂಡರೂ ಅವನ್ನು ಬದಲಾಯಿಸಬೇಕು. ಎಷ್ಟು ಗಾಳಿ ತುಂಬಬೇಕೆಂಬುದನ್ನು ಟೈರಿನ ಪಕ್ಕದಲ್ಲಿಯೇ ಅಚ್ಚು ಮಾಡಿರುತ್ತಾರೆ. ಮಗುವಿನ ಭಾರ ಬೀಳುವುದು ಹಿಂದಿನ ಗಾಲಿಯ ಮೇಲೆ. ಅದರಲ್ಲಿ ಗಾಳಿ ಕಡಿಮೆಯಾದರೆ ತುಳಿಯುವುದು ಕಷ್ಟವಾಗುವುದಲ್ಲದೆ ತಿರುವಿನಲ್ಲಿ ಸೈಕಲ್ಲು ತೂಗಾಡುತ್ತದೆ.

ಎರಡನೆಯದು ಬ್ರೇಕು. ಸೈಕಲ್ಲನ್ನು ತಳ್ಳಿಕೊಂಡು ನಡೆಯುತ್ತ ಒಂದೊಂದೇ ಬ್ರೇಕನ್ನು ಹಿಡಿದು ನೋಡಬೇಕು. ಬ್ರೇಕಿನ ಹಿಡಿಯು ಹ್ಯಾಂಡಲ್ಲಿಗೆ ತಾಗುವವರೆಗೂ ಒಳಬರುವಂತಿದ್ದರೆ ಅದನ್ನು ಬಿಗಿಗೊಳಿಸುವುದು ಅಗತ್ಯ. ಸವೆದ ಬ್ರೇಕ್ ರಬ್ಬರುಗಳ ಬೆಲೆ ಅತ್ಯಲ್ಪ. ಅವನ್ನು ಹೊಸದಾಗಿ ಹಾಕಿಸುವುದು ಲೇಸು. ಮೂರನೆಯದು ಹಿಂದಿನ ಕ್ಯಾರಿಯರ್ರು. ಸಾಮಾನು ಒಯ್ಯಲು ಸಾಕಾಗುವ ಕ್ಯಾರಿಯರ್ರು ಅಲುಗಾಡುವ ಮಗುವಿನ ಭಾರವನ್ನು ತಡೆಯುವಷ್ಟು ಗಟ್ಟಿಯಾಗಿದೆಯೆ, ಅದರ ನಟ್ಟು ಬೋಲ್ಟುಗಳು ತುಕ್ಕು ಹಿಡಿದಿಲ್ಲವೆ ಎಂಬುದನ್ನು ಸೈಕಲ್ ರಿಪೇರಿಯವರಿಂದ ಖಚಿತಪಡಿಸಿಕೊಳ್ಳಬೇಕು.

ಸೀರೆ ಉಡುವವರು ಮತ್ತು ವೇಲು ಹೊದೆಯುವವರು ಇನ್ನೊಂದು ಎಚ್ಚರಿಕೆ ವಹಿಸಬೇಕು. ಸೆರಗಾಗಲಿ ವೇಲಾಗಲಿ ಗಾಲಿಗೆ ಸುತ್ತಿಕೊಂಡರೆ ಕ್ಷಣಾರ್ಧದಲ್ಲಿ ಸವಾರರನ್ನು ಕೆಡವುತ್ತದೆ. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ವೇಲನ್ನು ಎರಡೂ ತುದಿ ಸೇರಿಸಿ ಗಂಟು ಹಾಕಿ, ಗಾಲಿಗೆ ಬಲೆಯ ತಡೆಯನ್ನೂ ಚೈನಿಗೆ ಪೂರ್ಣ ಕವರನ್ನೂ ಹಾಕಿಸುವುದು ಒಳ್ಳೆಯದು. ಬೆಲ್ಲು, ಮುಂದೆ ಬಿಳಿಯ ದೀಪ, ಹಿಂದೆ ಕೆಂಪು ದೀಪ ಮತ್ತು ಪ್ರತಿಫಲಕಗಳು ಅಲಂಕಾರದ ವಸ್ತುಗಳಲ್ಲ. ನಸುಗತ್ತಲಲ್ಲಿ ಹಿಂದಿನಿಂದ ಬರುವ ಚಾಲಕನಿಗೆ ನಮ್ಮ ಇರವನ್ನು ತಿಳಿಸುವ ಸಾಧನಗಳು.

ನಂತರ ಸವಾರರು

ಒಮ್ಮೆ ಕಲಿತ ಸೈಕಲ್ಲು ಮರೆಯುವುದಿಲ್ಲ ಎನ್ನುತ್ತಾರೆ. ಸಮತೋಲನದ ಮಟ್ಟಿಗೆ ಈ ಮಾತು ದಿಟ. ಆದರೆ ಒಂದು ಕೈ ಬಿಟ್ಟು ಸನ್ನೆ ಮಾಡುವುದು, ತಿರುಗಿ ಹಿಂದೆ ನೋಡುವಾಗಲೂ ನೇರವಾಗಿ ಸಾಗುವುದು, ಗುಂಡಿಯನ್ನು ಕಂಡಾಗ ರಸ್ತೆಯ ಮಧ್ಯಕ್ಕೆ ಹಾಯದೆ ವೇಗ ತಗ್ಗಿಸುವುದು ಇತ್ಯಾದಿ ಅಭ್ಯಾಸಗಳು ತಪ್ಪಿಹೋಗಿರುತ್ತವೆ. ಅಲ್ಲದೆ ಎಂಟನೆಯ ತರಗತಿಯ ಬಾಲಕಿಯ ಮೊಣಕಾಲು, ಬೆನ್ನು ಇಂದಿನವಲ್ಲ. ಹೆರಿಗೆಯಾಗಿ ಹೆಚ್ಚು ಕಾಲ ಕಳೆಯದವರು, ಅದರಲ್ಲಿಯೂ ಶಸ್ತ್ರಚಿಕಿತ್ಸೆಯ ಮೂಲಕ ಹೆರಿಗೆಯಾದವರು, ವೈದ್ಯರ ಸಲಹೆ ಪಡೆದೇ ಮುಂದುವರಿಯಬೇಕು.

ಮೊದಲ ವಾರ ಒಬ್ಬರೇ, ಬೆಳಗಿನ ಹೊತ್ತಿನಲ್ಲಿ, ವಾಹನಗಳಿಲ್ಲದ ಮೈದಾನ ಅಥವಾ ಬಡಾವಣೆಯ ಒಳರಸ್ತೆಯಲ್ಲಿ ಅಭ್ಯಾಸ ಮಾಡುವುದು ಸೂಕ್ತ. ಸಾಧಾರಣವಾಗಿ, ಪೆಡಲು ಅತ್ಯಂತ ಕೆಳಗಿರುವಾಗ ಅದರ ಮೇಲೆ ಹಿಮ್ಮಡಿ ಇಟ್ಟರೆ ಕಾಲು ನೇರವಾಗುವಷ್ಟು ಎತ್ತರಕ್ಕೆ ಸೀಟನ್ನು ಇಡುತ್ತಾರೆ. ಮಗುವನ್ನು ಒಯ್ಯುವವರು ಇದಕ್ಕಿಂತ ತುಸು ತಗ್ಗಿಸಿ, ಎರಡೂ ಪಾದಗಳು ನೆಲಕ್ಕೆ ಚೆನ್ನಾಗಿ ತಾಗುವಂತೆ ಇಟ್ಟುಕೊಳ್ಳಬೇಕು. ನಿಲ್ಲಿಸುವಾಗಿನ ಭದ್ರತೆ ತುಳಿಯುವಾಗಿನ ಸುಖಕ್ಕಿಂತ ಮುಖ್ಯ.

ಎರಡನೆಯ ವಾರ, ಬಾಲವಾಡಿಯ ದಾರಿಯಲ್ಲಿಯೇ ಒಬ್ಬರೇ ಹೋಗಿ ಬರಬೇಕು. ಮೂರನೆಯ ವಾರ, ಮಗುವಿನಷ್ಟೇ ತೂಕದ ಅಕ್ಕಿಯ ಚೀಲವನ್ನು ಮಗುವಿನ ಆಸನದಲ್ಲಿ ಬೆಲ್ಟಿನಿಂದ ಬಿಗಿದು ಅದೇ ದಾರಿಯಲ್ಲಿ ಹೋಗಿ ಬರಬೇಕು. ಈ ಅಭ್ಯಾಸ ಕೆಲವರಿಗೆ ನಗು ತರಿಸಬಹುದು. ಆದರೆ ಹದಿನಾಲ್ಕು ಕಿಲೋ ಭಾರ ಗಾಲಿಯ ಮೇಲೆ ಎತ್ತರದಲ್ಲಿ ಕುಳಿತಾಗ ಸೈಕಲ್ಲು ಹೇಗೆ ವಾಲುತ್ತದೆ, ಹೊರಡುವಾಗ ಎಷ್ಟು ಬಲ ಬೇಕಾಗುತ್ತದೆ, ಬ್ರೇಕು ಹಿಡಿದ ಮೇಲೆ ಎಷ್ಟು ದೂರ ಸಾಗಿ ನಿಲ್ಲುತ್ತದೆ ಎಂಬುದನ್ನು ಮಾತಿನಿಂದ ತಿಳಿಯಲಾಗದು. ಕಲಿಯುವಾಗಿನ ತಪ್ಪುಗಳು ಅಕ್ಕಿಯ ಚೀಲದೊಡನೆಯೇ ಮುಗಿದುಹೋಗಲಿ.

ವೇಗದ ವಿಚಾರದಲ್ಲಿಯೂ ಒಂದು ಲೆಕ್ಕವನ್ನು ಮನಸ್ಸಿನಲ್ಲಿ ಇಡಬೇಕು. ಗಂಟೆಗೆ 12 ಕಿಲೋಮೀಟರು ವೇಗದಲ್ಲಿ ಸೈಕಲ್ಲು ಒಂದು ಸೆಕೆಂಡಿಗೆ ಸುಮಾರು 3.3 ಮೀಟರು ಚಲಿಸುತ್ತದೆ. 18 ಕಿಲೋಮೀಟರು ವೇಗದಲ್ಲಿ 5 ಮೀಟರು. ಅಪಾಯವನ್ನು ಕಂಡು ಬ್ರೇಕು ಹಿಡಿಯಲು ನಮಗೆ ಒಂದು ಸೆಕೆಂಡು ಬೇಕಾದರೆ, ಬ್ರೇಕು ಕೆಲಸ ಆರಂಭಿಸುವ ಮೊದಲೇ ಅಷ್ಟು ದೂರ ಸಾಗಿರುತ್ತೇವೆ. ಹಿಂದೆ ಮಗುವಿರುವಾಗ ಅವಸರಕ್ಕೆ ಎಡೆಯಿಲ್ಲ.

ಈ ಹಂತದಲ್ಲಿ ಮಹಿಳೆಯರನ್ನು ತಡೆಯುವುದು ಅನೇಕ ವೇಳೆ ರಸ್ತೆಯಲ್ಲ, ನೋಡಿದವರು ಏನೆಂದುಕೊಂಡಾರು ಎಂಬ ಸಂಕೋಚ. ತಮಿಳುನಾಡಿನ ಪುದುಕ್ಕೋಟೆ ಜಿಲ್ಲೆಯಲ್ಲಿ 1990ರ ದಶಕದ ಆರಂಭದಲ್ಲಿ ನಡೆದ ಸಾಕ್ಷರತಾ ಆಂದೋಲನವು ಗ್ರಾಮೀಣ ಮಹಿಳೆಯರಿಗೆ ಅಕ್ಷರದ ಜೊತೆಗೆ ಸೈಕಲ್ಲನ್ನೂ ಕಲಿಸಿತು. ಅಲ್ಲಿಯವರೆಗೆ ಸೈಕಲ್ಲನ್ನು ಮುಟ್ಟದಿದ್ದ ಸಹಸ್ರಾರು ಮಹಿಳೆಯರು, ತಾಯಂದಿರೂ ಸೇರಿದಂತೆ, ಬಹಿರಂಗವಾಗಿ ಕಲಿತು ಕೆಲಸಕ್ಕೂ ಸಂತೆಗೂ ಸೈಕಲ್ಲಿನಲ್ಲಿ ಹೋಗತೊಡಗಿದರು. ಮೊದಮೊದಲು ಕೇಳಿಬಂದ ಕುಹಕದ ಮಾತುಗಳು ಸೈಕಲ್ಲುಗಳ ಸಂಖ್ಯೆ ಹೆಚ್ಚಿದಂತೆ ಅಡಗಿದವು. ಒಬ್ಬ ತಾಯಿ ಹೊರಟರೆ ಅದು ಸುದ್ದಿ. ಹತ್ತು ಮಂದಿ ಹೊರಟರೆ ಅದೇ ರೂಢಿ.

ಮೂರನೆಯದು ರಸ್ತೆ

ರಸ್ತೆಯ ಅಪಾಯವನ್ನು ಕಡಿಮೆ ಮಾಡಿ ಹೇಳುವುದು ಸರಿಯಲ್ಲ. ಕೇಂದ್ರ ರಸ್ತೆ ಸಾರಿಗೆ ಮತ್ತು ಹೆದ್ದಾರಿ ಸಚಿವಾಲಯದ ವರದಿಯಂತೆ 2022ರಲ್ಲಿ ದೇಶದಲ್ಲಿ ರಸ್ತೆ ಅಪಘಾತಗಳಿಂದ 1,68,491 ಮಂದಿ ಮೃತಪಟ್ಟರು. ಅವರಲ್ಲಿ ಸೈಕಲ್ ಸವಾರರು ಸುಮಾರು ಶೇ. 3ರಷ್ಟಿದ್ದರು. ಸೈಕಲ್ಲಿಗೆ ತನ್ನದೇ ಆದ ಕವಚವಿಲ್ಲ. ದಾರಿಯ ಆಯ್ಕೆಯೇ ಅದರ ಕವಚ.

ಹೀಗಾಗಿ ಹತ್ತಿರದ ದಾರಿಗಿಂತ ಶಾಂತವಾದ ದಾರಿಯನ್ನು ಆರಿಸಿಕೊಳ್ಳಬೇಕು. ದೊಡ್ಡ ರಸ್ತೆಯಲ್ಲಿ ಒಂದೂವರೆ ಕಿಲೋಮೀಟರು ಇರುವ ಬಾಲವಾಡಿಗೆ ಒಳಗಿನ ಗಲ್ಲಿಗಳಿಂದ ಎರಡು ಕಿಲೋಮೀಟರು ಆಗಬಹುದು. ಹೆಚ್ಚುವರಿ ಅರ್ಧ ಕಿಲೋಮೀಟರಿಗೆ ಬೇಕಾಗುವುದು ಕೇವಲ ಎರಡೂವರೆ ನಿಮಿಷ. ಬಸ್ಸು, ಲಾರಿಗಳು ತಿರುಗುವ ವೃತ್ತವನ್ನು ದಾಟಲೇಬೇಕಾದರೆ, ಇಳಿದು, ಮಗುವನ್ನೂ ಇಳಿಸಿ, ಕೈ ಹಿಡಿದುಕೊಂಡು, ಪಾದಚಾರಿಗಳ ಪಟ್ಟೆಯ ಮೇಲೆ ಸೈಕಲ್ಲನ್ನು ತಳ್ಳಿಕೊಂಡು ದಾಟುವುದೇ ವಿವೇಕ. ಇಳಿದು ನಡೆಯುವುದರಲ್ಲಿ ನಾಚಿಕೆಪಡುವಂಥದೇನೂ ಇಲ್ಲ.

ಯಾವಾಗಲೂ ರಸ್ತೆಯ ಎಡಬದಿಯಲ್ಲಿ ಸಾಗಬೇಕು. ಎದುರು ದಿಕ್ಕಿನಲ್ಲಿ ಹೋದರೆ ಹತ್ತಿರವಾಗುತ್ತದೆಂಬ ಆಸೆಗೆ ಒಳಗಾಗಬಾರದು. ನಿಂತ ಕಾರುಗಳ ಬಾಗಿಲು ಹಠಾತ್ತನೆ ತೆರೆಯಬಹುದಾದ್ದರಿಂದ ಅವುಗಳಿಂದ ಒಂದು ಬಾಗಿಲಿನಷ್ಟು ದೂರ ಬಿಡಬೇಕು. ಬಸ್ಸು ಅಥವಾ ಲಾರಿಯ ಎಡಪಕ್ಕದ ಸಂದಿನಲ್ಲಿ ಎಂದೂ ನುಸುಳಬಾರದು. ಆ ಜಾಗ ಚಾಲಕನ ಕಣ್ಣಿಗೆ ಕಾಣುವುದಿಲ್ಲ. ಕೆಲವು ಸೇತುವೆಗಳಲ್ಲಿಯೂ ವೇಗದ ಹೆದ್ದಾರಿಗಳಲ್ಲಿಯೂ ಸೈಕಲ್ಲಿಗೆ ಪ್ರವೇಶವಿಲ್ಲ. ಮುಂಬಯಿಯ ಬಾಂದ್ರಾ–ವರ್ಳಿ ಸಮುದ್ರ ಸೇತುವೆ ಮತ್ತು ಮುಂಬಯಿ–ಪುಣೆ ವೇಗಮಾರ್ಗ ಇದಕ್ಕೆ ಉದಾಹರಣೆಗಳು.

ಊರಿನಿಂದ ಊರಿಗೆ ರಸ್ತೆಯ ಗುಣವೂ ಬೇರೆ, ಹವೆಯೂ ಬೇರೆ. ಚೆನ್ನೈ ಬಹುಮಟ್ಟಿಗೆ ಸಮತಟ್ಟು. ಆದರೆ ಬಿಸಿಲಿನ ತಾಪ ಹೆಚ್ಚು, ಅಕ್ಟೋಬರಿನಿಂದ ಡಿಸೆಂಬರಿನವರೆಗೆ ಹಿಂಗಾರು ಮಳೆ. ಹೈದರಾಬಾದಿನಲ್ಲಿ ಏರು ಇಳಿತಗಳು ಅಧಿಕ. ಮುಂಬಯಿ ಮತ್ತು ಪುಣೆಗಳಲ್ಲಿ ಜೂನ್‌ನಿಂದ ಸೆಪ್ಟೆಂಬರಿನವರೆಗೆ ಮುಂಗಾರು. ಮಳೆಯಲ್ಲಿ ಗಾಲಿಯ ರಿಮ್ಮು ನೆನೆದಾಗ ಬ್ರೇಕು ಬೇಗ ಹಿಡಿಯುವುದಿಲ್ಲ. ರಸ್ತೆಯ ಮೇಲೆ ನಿಂತ ನೀರಿನ ಕೆಳಗೆ ಗುಂಡಿಯಿದೆಯೆ, ತೆರೆದ ಚರಂಡಿಯಿದೆಯೆ ತಿಳಿಯದು. ಜೋರು ಮಳೆಯ ದಿನ ಮಗುವಿನೊಡನೆ ಸೈಕಲ್ಲು ಹತ್ತದಿರುವುದೇ ಕ್ಷೇಮ.

ದೆಹಲಿಯಲ್ಲಿ ಚಳಿಗಾಲದ ಮಂಜು ಮತ್ತು ಹೊಗೆಯ ಸಮಸ್ಯೆ ಪ್ರತ್ಯೇಕವಾದುದು. 2015ರಿಂದ ಜಾರಿಯಲ್ಲಿರುವ ರಾಷ್ಟ್ರೀಯ ವಾಯು ಗುಣಮಟ್ಟ ಸೂಚ್ಯಂಕದಲ್ಲಿ 0ರಿಂದ 50 ಉತ್ತಮ, 51ರಿಂದ 100 ತೃಪ್ತಿಕರ, 101ರಿಂದ 200 ಮಧ್ಯಮ, 201ರಿಂದ 300 ಕಳಪೆ, 301ರಿಂದ 400 ತೀರಾ ಕಳಪೆ, 401ರಿಂದ 500 ತೀವ್ರ ಎಂದು ಆರು ವರ್ಗಗಳಿವೆ. ಮಕ್ಕಳ ಶ್ವಾಸಕೋಶಗಳು ಇನ್ನೂ ಬೆಳೆಯುತ್ತಿರುವುದರಿಂದ, ಸೂಚ್ಯಂಕವು 200ನ್ನು ದಾಟಿದ ದಿನಗಳಲ್ಲಿ ಬಸ್ಸು ಅಥವಾ ಮೆಟ್ರೋ ರೈಲನ್ನು ಅವಲಂಬಿಸುವುದು ಮೇಲು. ನಿತ್ಯದ ಸವಾರಿ ಎಂದರೆ ಒಂದು ದಿನವೂ ಬಿಡದೆ ತುಳಿಯಬೇಕೆಂಬ ವ್ರತವಲ್ಲ.

ಕೊನೆಗೆ ಮಗು

ಸೈಕಲ್ಲು, ಸವಾರರು, ರಸ್ತೆ ಮೂರೂ ಸಿದ್ಧವಾದ ಮೇಲೆ ಮಗುವಿನ ಸರದಿ. ಒಂದು ವರ್ಷದೊಳಗಿನ ಶಿಶುವನ್ನು ಸೈಕಲ್ಲಿನಲ್ಲಿ ಒಯ್ಯಕೂಡದೆಂದು ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ ಸಲಹೆ ನೀಡುತ್ತದೆ. ಆಧಾರವಿಲ್ಲದೆ ಚೆನ್ನಾಗಿ ಕುಳಿತುಕೊಳ್ಳಲು ಬರುವ, ಹೆಲ್ಮೆಟ್ಟಿನ ಭಾರವನ್ನು ತಡೆಯುವಷ್ಟು ಕುತ್ತಿಗೆ ಬಲಿತ ಮಗು ಮಾತ್ರ ಇದಕ್ಕೆ ಅರ್ಹ. ಶಿಶುವನ್ನು ಬಟ್ಟೆಯಿಂದ ಬೆನ್ನಿಗೋ ಎದೆಗೋ ಕಟ್ಟಿಕೊಂಡು ತುಳಿಯುವುದು ಸಲ್ಲದು. ಸವಾರರು ಬಿದ್ದರೆ ಅವರ ಭಾರವೆಲ್ಲ ಶಿಶುವಿನ ಮೇಲೆ ಬೀಳುತ್ತದೆ.

ನಮ್ಮ ದೇಶದಲ್ಲಿ ಮಕ್ಕಳನ್ನು ಬರಿಯ ಕ್ಯಾರಿಯರ್ರಿನ ಮೇಲೆ, ಕಾಲುಗಳನ್ನು ಇಬ್ಬದಿಗೂ ಇಳಿಬಿಟ್ಟು ಕೂರಿಸುವುದು ಬಹುಕಾಲದ ರೂಢಿ. ಇದರಲ್ಲಿ ಅಡಗಿರುವ ದೊಡ್ಡ ಅಪಾಯವೆಂದರೆ ಮಗುವಿನ ಪಾದ ಹಿಂದಿನ ಗಾಲಿಯ ಕಡ್ಡಿಗಳಿಗೆ ಸಿಲುಕುವುದು. ಮಗು ತೂಕಡಿಸಿದರೆ ಅಥವಾ ಏನನ್ನೋ ನೋಡಲು ಹೊರಳಿದರೆ ಸಾಕು, ಹಿಮ್ಮಡಿ ಒಳಸೇರುತ್ತದೆ. ತಿರುಗುವ ಗಾಲಿಯು ಹಿಮ್ಮಡಿಯ ಚರ್ಮವನ್ನು ಕಿತ್ತುಹಾಕಬಲ್ಲದು. ಕಾಲಿನ ಎಲುಬನ್ನೂ ಮುರಿಯಬಲ್ಲದು. ಮೂಳೆ ವೈದ್ಯರಿಗೆ ಇದು ಚಿರಪರಿಚಿತವಾದ ಗಾಯ. ಮಾಯಲು ವಾರಗಟ್ಟಲೆ ಹಿಡಿಯುತ್ತದೆ. ಇದನ್ನು ತಡೆಯುವುದು ಮಾತ್ರ ಬಹು ಸುಲಭ. ಗಾಲಿಯ ಇಬ್ಬದಿಗೂ ಬಲೆ ಅಥವಾ ಹಲಗೆಯ ತಡೆ, ಮಗುವಿನ ಪಾದಗಳನ್ನು ಪಟ್ಟಿಯಿಂದ ಹಿಡಿದಿಡುವ ಕಾಲಾಸರೆ, ಕಾಲಿಗೆ ಚಪ್ಪಲಿಯ ಬದಲು ಹಿಮ್ಮಡಿ ಮುಚ್ಚುವ ಬೂಟು. ಈ ಮೂರೂ ಇಲ್ಲದೆ ಮಗುವನ್ನು ಹಿಂದೆ ಕೂರಿಸಲೇಬಾರದು.

ಆಸನವನ್ನು ಕೊಳ್ಳುವಾಗ ಬೆನ್ನಿನಾಸರೆ ಎತ್ತರವಾಗಿದೆಯೆ, ಎರಡೂ ಹೆಗಲು ಮತ್ತು ಸೊಂಟವನ್ನು ಹಿಡಿಯುವ ಬೆಲ್ಟುಗಳಿವೆಯೆ, ಕಾಲಿನ ರಕ್ಷಣೆ ಇದೆಯೆ ಎಂದು ನೋಡಬೇಕು. ಯೂರೋಪಿನ ಇಎನ್ 14344 ಎಂಬ ಮಾನದಂಡವು ಹಿಂದಿನ ಆಸನಗಳನ್ನು 9ರಿಂದ 22 ಕಿಲೋ, ಮುಂದಿನ ಆಸನಗಳನ್ನು 9ರಿಂದ 15 ಕಿಲೋ ತೂಕದ ಮಕ್ಕಳಿಗೆಂದು ನಿಗದಿಪಡಿಸಿದೆ. ಮಗು ಈ ಮಿತಿಯನ್ನು ಮೀರಿದರೆ ಆ ಆಸನವನ್ನು ಬಿಡಬೇಕು.

ಮೋಟಾರು ಸೈಕಲ್ಲಿನಲ್ಲಿ ಒಯ್ಯುವ ಒಂಬತ್ತು ತಿಂಗಳಿನಿಂದ ನಾಲ್ಕು ವರ್ಷದವರೆಗಿನ ಮಕ್ಕಳಿಗೆ ಹೆಲ್ಮೆಟ್ಟು ತೊಡಿಸಬೇಕೆಂದು ಕೇಂದ್ರ ಸರ್ಕಾರವು 2022ರ ಫೆಬ್ರುವರಿಯಲ್ಲಿ ನಿಯಮ ರೂಪಿಸಿತು. ಆ ನಿಯಮವು ಇಎನ್ 1078 ಅಥವಾ ಇಎನ್ 1080 ಮಾನದಂಡದ ಸೈಕಲ್ ಹೆಲ್ಮೆಟ್ಟುಗಳನ್ನೂ ಒಪ್ಪುತ್ತದೆ. ತುಳಿಯುವ ಸೈಕಲ್ಲಿಗೆ ಈ ನಿಯಮ ಅನ್ವಯಿಸುವುದಿಲ್ಲ. ಆದರೆ ಮಗುವಿನ ತಲೆ ಎರಡು ವಾಹನಗಳಲ್ಲಿಯೂ ಒಂದೇ. ಹೆಲ್ಮೆಟ್ಟು ಹುಬ್ಬಿನಿಂದ ಎರಡು ಬೆರಳಿನಷ್ಟು ಮೇಲೆ, ಮಟ್ಟವಾಗಿ ಕೂರಬೇಕು. ಪಟ್ಟಿಗಳು ಕಿವಿಯ ಕೆಳಗೆ ಕೂಡಬೇಕು. ಗದ್ದದ ಪಟ್ಟಿಯಲ್ಲಿ ಒಂದು ಬೆರಳು ಮಾತ್ರ ಹಿಡಿಸಬೇಕು. ಒಮ್ಮೆ ಬಿದ್ದು ಪೆಟ್ಟು ತಿಂದ ಹೆಲ್ಮೆಟ್ಟಿನ ಒಳಗಿನ ಥರ್ಮಕೋಲು ಮುರಿದಿರುವ ಸಂಭವವಿರುವುದರಿಂದ ಅದನ್ನು ಮತ್ತೆ ಬಳಸಬಾರದು. ಇಳಿದೊಡನೆ ಹೆಲ್ಮೆಟ್ಟನ್ನು ತೆಗೆಯಬೇಕು. ಅದನ್ನು ತೊಟ್ಟೇ ಆಟದ ಉಯ್ಯಾಲೆ, ಏಣಿಗಳನ್ನು ಹತ್ತಿದರೆ ಪಟ್ಟಿ ಸಿಲುಕಿ ಕೊರಳಿಗೆ ಬಿಗಿಯುವ ಅಪಾಯವಿದೆ. ತಂದೆತಾಯಿಯರೂ ಹೆಲ್ಮೆಟ್ಟು ತೊಟ್ಟರೆ ಮಗು ಹಟ ಮಾಡದೆ ತೊಡುತ್ತದೆ.

ಹಲವು ಬಾರಿ ಮಗು ಬೀಳುವುದು ಸೈಕಲ್ಲು ಚಲಿಸುವಾಗಲ್ಲ, ನಿಂತಿರುವಾಗ. ಒಂಟಿ ಕಾಲಿನ ಸ್ಟ್ಯಾಂಡಿನ ಮೇಲೆ ಮಗುವನ್ನು ಕೂರಿಸಿ ಬಾಗಿಲಿಗೆ ಬೀಗ ಹಾಕಲು ಹೋದಾಗ, ತರಕಾರಿಯ ಚೀಲ ನೇತುಹಾಕುವಾಗ, ಸೈಕಲ್ಲು ಪಕ್ಕಕ್ಕೆ ಉರುಳುತ್ತದೆ. ಮಗುವನ್ನು ಎಲ್ಲಕ್ಕಿಂತ ಕೊನೆಗೆ ಕೂರಿಸಬೇಕು, ಎಲ್ಲಕ್ಕಿಂತ ಮೊದಲು ಇಳಿಸಬೇಕು. ಈ ಎರಡರ ನಡುವೆ ಸೈಕಲ್ಲಿನಿಂದ ಕೈ ತೆಗೆಯಬಾರದು. ಎರಡು ಕಾಲಿನ ಗಟ್ಟಿ ಸ್ಟ್ಯಾಂಡು ಹಾಕಿಸುವುದು ಉತ್ತಮ. ಚೀಲಗಳನ್ನು ಹ್ಯಾಂಡಲ್ಲಿಗೆ ನೇತುಹಾಕದೆ ಮುಂದಿನ ಬುಟ್ಟಿಯಲ್ಲಿ ಇಡಬೇಕು.

ಅಪಘಾತವಾದರೆ

ಎಷ್ಟೇ ಎಚ್ಚರಿಕೆ ವಹಿಸಿದರೂ ಆಕಸ್ಮಿಕಗಳು ಸಂಭವಿಸಬಹುದು. ಮಗುವಿನ ಪಾದ ಕಡ್ಡಿಗಳಿಗೆ ಸಿಲುಕಿದರೆ ಬಲವಂತವಾಗಿ ಎಳೆಯಬಾರದು. ಸೈಕಲ್ಲನ್ನು ಅಲುಗಾಡದಂತೆ ಹಿಡಿದು, ಹತ್ತಿರದವರ ನೆರವಿನಿಂದ ಕಡ್ಡಿಗಳನ್ನು ಬಾಗಿಸಿ ಅಥವಾ ಕತ್ತರಿಸಿ ಪಾದವನ್ನು ಬಿಡಿಸಬೇಕು. ಗಾಯವನ್ನು ಶುದ್ಧ ನೀರಿನಿಂದ ತೊಳೆದು, ಒಗೆದ ಬಟ್ಟೆಯಿಂದ ಮುಚ್ಚಿ, ಮೇಲ್ನೋಟಕ್ಕೆ ಸಣ್ಣದೆನಿಸಿದರೂ ವೈದ್ಯರಿಗೆ ತೋರಿಸಬೇಕು. ಅರಿಸಿನ, ಕಾಫಿಪುಡಿ ಮುಂತಾದವುಗಳನ್ನು ಮೆತ್ತಬಾರದು. ತಲೆಗೆ ಪೆಟ್ಟಾದ ಮಗು ವಾಂತಿ ಮಾಡಿದರೆ, ಅತಿಯಾಗಿ ಮಂಕಾದರೆ ಅಥವಾ ಪ್ರಜ್ಞೆ ತಪ್ಪಿದರೆ ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು. ದೇಶದಾದ್ಯಂತ ತುರ್ತು ಸಹಾಯಕ್ಕಾಗಿ 112 ಸಂಖ್ಯೆಗೆ ಕರೆ ಮಾಡಬಹುದು.

ನಗರದ ಹೊಣೆ, ನಾಗರಿಕರ ಹೊಣೆ

ಎಲ್ಲ ಎಚ್ಚರಿಕೆಯ ಭಾರವನ್ನೂ ತಂದೆತಾಯಿಯರ ಹೆಗಲಿಗೇ ಹಾಕುವುದು ನ್ಯಾಯವಲ್ಲ. ರಸ್ತೆಗಳನ್ನು ವಾಹನಗಳಿಗಾಗಿ ಅಲ್ಲ, ಜನರ ಸಂಚಾರಕ್ಕಾಗಿ ರೂಪಿಸಬೇಕೆಂದು 2006ರ ರಾಷ್ಟ್ರೀಯ ನಗರ ಸಾರಿಗೆ ನೀತಿಯು ಸ್ಪಷ್ಟಪಡಿಸಿದೆ. ಪುಣೆ ಮಹಾನಗರಪಾಲಿಕೆ 2017ರಲ್ಲಿ ಸಮಗ್ರ ಸೈಕಲ್ ಯೋಜನೆಗೆ ಅನುಮೋದನೆ ನೀಡಿತು. ಅದೇ ವರ್ಷ ಮೈಸೂರಿನಲ್ಲಿ 'ಟ್ರಿಣ್ ಟ್ರಿಣ್' ಎಂಬ ಸಾರ್ವಜನಿಕ ಬಾಡಿಗೆ ಸೈಕಲ್ ವ್ಯವಸ್ಥೆ ಆರಂಭವಾಯಿತು. ಕೇಂದ್ರ ವಸತಿ ಮತ್ತು ನಗರ ವ್ಯವಹಾರಗಳ ಸಚಿವಾಲಯವು 2020ರಲ್ಲಿ ನಗರಗಳನ್ನು ಸೈಕಲ್ ಸ್ನೇಹಿಯಾಗಿಸಲು ಸ್ಪರ್ಧಾತ್ಮಕ ಕಾರ್ಯಕ್ರಮವೊಂದನ್ನು ಕೈಗೊಂಡಿತು. ಹೈದರಾಬಾದಿನ ಹೊರವರ್ತುಲ ರಸ್ತೆಯ ಬದಿಯಲ್ಲಿ ಸೌರಫಲಕಗಳ ಚಾವಣಿಯುಳ್ಳ 23 ಕಿಲೋಮೀಟರು ಉದ್ದದ ಸೈಕಲ್ ಪಥ 2023ರಲ್ಲಿ ಉದ್ಘಾಟನೆಗೊಂಡಿತು.

ಇವೆಲ್ಲ ಸ್ವಾಗತಾರ್ಹ. ಆದರೆ ಬಾಲವಾಡಿಗೆ ಹೋಗುವ ತಾಯಿಗೆ ಬೇಕಾಗಿರುವುದು ಹೊರವಲಯದ ದೀರ್ಘ ಪಥಕ್ಕಿಂತಲೂ ಮನೆಯ ಮುಂದಿನ ಸುರಕ್ಷಿತ ಗಲ್ಲಿ. ಸೈಕಲ್ ಪಥದಲ್ಲಿ ಕಾರು ನಿಲ್ಲಿಸದಿರುವುದು, ಶಾಲೆಯ ಸಮೀಪದಲ್ಲಿ ವೇಗ ತಗ್ಗಿಸುವುದು, ಸೈಕಲ್ಲನ್ನು ಹಿಂದಿಕ್ಕುವಾಗ ಸಾಕಷ್ಟು ಅಂತರ ಬಿಡುವುದು ಪ್ರತಿಯೊಬ್ಬ ವಾಹನ ಚಾಲಕನ ಕರ್ತವ್ಯ. ಮುಚ್ಚಳವಿಲ್ಲದ ಚರಂಡಿ, ಉರಿಯದ ಬೀದಿದೀಪ, ಅಳಿಸಿಹೋದ ಪಾದಚಾರಿ ಪಟ್ಟೆಗಳ ಬಗ್ಗೆ ವಾರ್ಡ್ ಕಚೇರಿಗೆ ಲಿಖಿತವಾಗಿ ದೂರು ನೀಡುವುದು ನಿವಾಸಿಗಳ ಹಕ್ಕು. ನಾಲ್ಕು ಮನೆಯವರು ಕೂಡಿ ಸಹಿ ಮಾಡಿದ ಪತ್ರಕ್ಕೆ ಹೆಚ್ಚಿನ ಬೆಲೆ ಇರುತ್ತದೆ.

ಮಗು ತಾನೇ ತುಳಿಯುವ ದಿನ

ಹಿಂದೆ ಕುಳಿತ ಮಗು ಸುಮ್ಮನೆ ಕುಳಿತಿರುವುದಿಲ್ಲ. ಅವ್ವ ಎಲ್ಲಿ ನಿಂತಳು, ಯಾವಾಗ ಕೈ ತೋರಿಸಿದಳು, ಯಾವ ವೃತ್ತದಲ್ಲಿ ಇಳಿದಳು ಎಂಬುದನ್ನೆಲ್ಲ ಅದು ಗಮನಿಸುತ್ತದೆ. "ಈಗ ಎಡಕ್ಕೆ ತಿರುಗೋಣ, ಹಿಂದೆ ಗಾಡಿ ಬರ್ತದೇನ ನೋಡು" ಎಂದು ಮಾತನಾಡಿಸುತ್ತ ಹೋದರೆ ಅದೇ ಮಗುವಿನ ಮೊದಲ ಸಂಚಾರ ಪಾಠ.

ಸೈಕಲ್ಲಿನ ಪೂರ್ವಜವೆನ್ನಬಹುದಾದ ವಾಹನವನ್ನು ಜರ್ಮನಿಯ ಕಾರ್ಲ್ ಡ್ರೈಸ್ 1817ರಲ್ಲಿ ರಚಿಸಿದಾಗ ಅದಕ್ಕೆ ಪೆಡಲುಗಳಿರಲಿಲ್ಲ. ಸವಾರರು ನೆಲವನ್ನು ಕಾಲಿನಿಂದ ಒದೆಯುತ್ತ ಸಾಗಬೇಕಿತ್ತು. ಮನುಷ್ಯರು ಮೊದಲು ಸಮತೋಲನವನ್ನು ಕಲಿತರು. ಪೆಡಲು ಬಂದದ್ದು ದಶಕಗಳ ನಂತರ. ಮಕ್ಕಳಿಗೂ ಇದೇ ಕ್ರಮ ಹಿತ. ಈಗ ಅಂಗಡಿಗಳಲ್ಲಿ ದೊರೆಯುವ ಪೆಡಲಿಲ್ಲದ ಪುಟ್ಟ ಸೈಕಲ್ಲುಗಳು ಇದೇ ತತ್ತ್ವವನ್ನು ಆಧರಿಸಿವೆ. ಅದನ್ನು ಕೊಳ್ಳಲಾಗದವರು ಸಣ್ಣ ಸೈಕಲ್ಲಿನ ಪೆಡಲುಗಳನ್ನು ಬಿಚ್ಚಿಸಿ, ಸೀಟನ್ನು ತಗ್ಗಿಸಿದರೆ ಅದೇ ಪ್ರಯೋಜನ ದೊರೆಯುತ್ತದೆ. ಚೌಕಟ್ಟಿನ ನಡುವೆ ಕಾಲು ತೂರಿಸಿ, ಅಪ್ಪನ ದೊಡ್ಡ ಸೈಕಲ್ಲಿನಲ್ಲಿ ಒಳಪೆಡಲು ಹೊಡೆದು, ಮೊಣಕಾಲು ತರಚಿಕೊಂಡು ಕಲಿತ ಹಿರಿಯರಿಗೆ ಈ ಸೌಲಭ್ಯವಿರಲಿಲ್ಲ.

ನೆನಪಿನಲ್ಲಿಡಬೇಕಾದ ಅಂಶಗಳು

1. ಮೊದಲು ಸೈಕಲ್ಲು, ನಂತರ ಸವಾರರು, ಆಮೇಲೆ ರಸ್ತೆ, ಕೊನೆಗೆ ಮಗು ಎಂಬ ಕ್ರಮವನ್ನು ಬದಲಿಸಬೇಡಿ.

2. ಒಂಟಿಯಾಗಿಯೂ, ಆನಂತರ ಮಗುವಿನ ತೂಕದ ಚೀಲದೊಡನೆಯೂ ಅಭ್ಯಾಸ ಮಾಡಿದ ಬಳಿಕವೇ ಮಗುವನ್ನು ಕೂರಿಸಿ.

3. ಒಂದು ವರ್ಷದೊಳಗಿನ ಶಿಶುವನ್ನು ಸೈಕಲ್ಲಿನಲ್ಲಿ ಒಯ್ಯಬೇಡಿ.

4. ಗಾಲಿಗೆ ತಡೆ, ಪಾದಕ್ಕೆ ಆಸರೆ, ಕಾಲಿಗೆ ಬೂಟು, ತಲೆಗೆ ಹೆಲ್ಮೆಟ್ಟು, ಮೈಗೆ ಬೆಲ್ಟು. ಇವುಗಳಲ್ಲಿ ಒಂದೂ ತಪ್ಪಬಾರದು.

5. ನಿಂತ ಸೈಕಲ್ಲಿನಲ್ಲಿ ಮಗುವನ್ನು ಬಿಟ್ಟು ಕೈ ತೆಗೆಯಬೇಡಿ.

6. ಹತ್ತಿರದ ದಾರಿಗಿಂತ ಶಾಂತವಾದ ದಾರಿ ಲೇಸು. ಅನುಮಾನವಿದ್ದಲ್ಲಿ ಇಳಿದು ನಡೆಯಿರಿ.

7. ಜೋರು ಮಳೆ, ದಟ್ಟ ಮಂಜು, ಕಳಪೆ ಗಾಳಿಯ ದಿನಗಳಲ್ಲಿ ಬೇರೆ ವಾಹನವನ್ನು ಆಶ್ರಯಿಸಿ.

ಒಂದೂವರೆ ಕಿಲೋಮೀಟರಿನ ದಾರಿ ಬಹು ದೊಡ್ಡದೇನಲ್ಲ. ಅದನ್ನು ತನ್ನ ಕಾಲ ಬಲದಿಂದ, ತನ್ನ ವೇಳೆಗೆ, ಮಗುವನ್ನು ಕ್ಷೇಮವಾಗಿ ಒಯ್ದು ಕ್ರಮಿಸಬಲ್ಲ ತಾಯಿ ಆಟೋರಿಕ್ಷಾಕ್ಕಾಗಿ ಕಾಯಬೇಕಾಗಿಲ್ಲ. ಪ್ರೌಢಶಾಲೆಗೆ ಹೋಗುವಾಗ ಆಕೆಗೆ ಒದಗಿದ್ದ ಆ ಸ್ವಾತಂತ್ರ್ಯ ಮತ್ತೆ ಒದಗಲು ಮೂರು ವಾರಗಳ ತಾಳ್ಮೆ ಮತ್ತು ಒಂದು ಚೀಲ ಅಕ್ಕಿ ಸಾಕು.